ಅಡಿಕೆ ಹಾಳೆಯ ನೀಲಿ

ಭದ್ರಾವತಿಯ ಜನ್ನಾಪುರಕ್ಕೆ ಹೋಗಿ ಶಿವರಾಮನ ಮನೆ ಎಲ್ಲಿ ಎಂದು ಕೇಳಿ ನೋಡಿ. ‘ಯಾರು, ಹಕ್ಕಿಗೆ ಕೆಲಸ ಕೊಡ್ತಾರಲ್ಲ, ಅವರಾ?’ ಎಂದು ಮರುಪ್ರಶ್ನೆ ಬರುತ್ತದೆ. ಮನುಷ್ಯರಿಗೇ ಕೆಲಸ ಸಿಗದ ಊರಿನಲ್ಲಿ ಈ ಪುಣ್ಯಾತ್ಮ ಹಕ್ಕಿಗಳಿಗೆ ಕೆಲಸ ಹುಡುಕಿಕೊಡುತ್ತಾನೆ ಎಂದು ಬೀದಿಯವರ ಕುಚೋದ್ಯ. ಕುಚೋದ್ಯವಾದರೂ ಮಾತು ಸುಳ್ಳಲ್ಲ. ಪಂಜರದ ಹಕ್ಕಿ ತನ್ನ ಕಾಳನ್ನು ತಾನೇ ಹುಡುಕಿ, ಸಿಗಿದು, ಎಳೆದು ತಿನ್ನುವಂಥ ಆಟಿಕೆಗಳನ್ನು ಅವನು ಮಾಡುತ್ತಾನೆ. ಅಡಿಕೆ ಮರದಿಂದ ಉದುರುವ ಹಾಳೆಯನ್ನು ಸುರುಳಿ ಸುತ್ತಿ ನಡುವೆ ನವಣೆ ತೆನೆ ಅಡಗಿಸುವುದು, ಬಿದಿರಿನ ಕೊಳವೆಗೆ ತೂತು ಕೊರೆದು ಕಾಳು ತುಂಬುವುದು, ಮರದ ಪುಟ್ಟ ಡಬ್ಬಿಗೆ ಕೊಕ್ಕಿನಿಂದ ಎತ್ತುವ ಮುಚ್ಚಳ ಕೂರಿಸುವುದು, ಇಂಥವು.

ಇದಕ್ಕೂ ಮೊದಲು ಅವನು ಎರಕದ ಕಾರ್ಖಾನೆಯೊಂದರ ಪ್ಯಾಟರ್ನ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು. ಕಬ್ಬಿಣದಲ್ಲಿ ಏನಾಗಬೇಕೋ ಅದನ್ನು ಮೊದಲು ಮರದಲ್ಲಿ ಮಾಡಿಕೊಡುವುದು ಅಲ್ಲಿನ ಕೆಲಸ. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಆರುವಾಗ ಕಬ್ಬಿಣ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೋ ಅಷ್ಟನ್ನು ಮೊದಲೇ ಹಿಡಿದು ಅಚ್ಚನ್ನು ಒಂದು ಕೂದಲೆಳೆ ದೊಡ್ಡದಾಗಿ ಮಾಡಬೇಕು. ಅಂಥ ಕೆಲಸದಲ್ಲಿ ಪಳಗಿದವನಿಗೆ ಜಂಬ ಇರದೆ ಇರುತ್ತದೆಯೇ? ‘ನನ್ನ ಕೈಯಿಂದ ಹೊರಟ ಪೀಸು ಒಂದೂ ವಾಪಸ್ ಬಂದಿಲ್ಲ’ ಎನ್ನುವುದು ಅವನ ಮಾತು. ಮದುವೆ ಮನೆಯಲ್ಲೂ ಅದೇ, ತಿಥಿ ಮನೆಯಲ್ಲೂ ಅದೇ. ಹೆಂಡತಿ ಯಲ್ಲಮ್ಮ ಕೇಳಿ ಕೇಳಿ ಸಾಕಾಗಿ, ‘ಹೌದ್ರೀ, ವಾಪಸ್ ಬರೋದು ನೀವೊಬ್ರೇ, ಅದೂ ಊಟದ ಹೊತ್ತಿಗೆ’ ಎನ್ನುತ್ತಿದ್ದಳು.

ನಿವೃತ್ತಿಯಾದ ವರ್ಷ ಸಹೋದ್ಯೋಗಿಯೊಬ್ಬ ಮನೆ ಬದಲಿಸುವಾಗ ಒಂದು ಪಂಜರವನ್ನು ಇವನ ಜಗುಲಿಯಲ್ಲಿ ಇಳಿಸಿ ಹೋದ. ಒಳಗೆ ಎರಡು ಪುಟ್ಟ ಗಿಳಿಗಳು. ಅಂಗಡಿಯವರು ಬಡ್ಜಿ ಎನ್ನುತ್ತಾರೆ, ನಮ್ಮ ಜನ ಲವ್ ಬರ್ಡ್ಸ್ ಅನ್ನುತ್ತಾರೆ. ಅವುಗಳಲ್ಲಿ ಗಂಡು ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಂಡು ಬೋಳಾಗಿತ್ತು. ಶಿವರಾಮ ಎರಡು ದಿನ ಎದುರು ಕೂತು ನೋಡಿದ. ಬಟ್ಟಲು ತುಂಬ ಕಾಳು, ಐದು ನಿಮಿಷದ ಊಟ, ಉಳಿದ ಇಡೀ ದಿನ ಮಾಡಲು ಏನೂ ಇಲ್ಲ. ಡ್ಯೂಟಿ ಇಲ್ಲದ ಬೇನೆ ಏನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನವಣೆ ತೆನೆಯನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ನೇತುಹಾಕಿದ. ಮೂರನೇ ದಿನ ಹಕ್ಕಿ ಹಾಳೆಯನ್ನು ಎಳೆ ಎಳೆಯಾಗಿ ಸಿಗಿಯತೊಡಗಿತು. ಎರಡು ತಿಂಗಳಲ್ಲಿ ಎದೆಯ ಮೇಲೆ ಗರಿ ಬಂತು. ಅವನಿಗೂ ಹಿಡಿದ ಮಂಕು ಬಿಟ್ಟಿತು ಎಂದು ಯಲ್ಲಮ್ಮ ದೇವರಿಗೆ ಹಣ್ಣುಕಾಯಿ ಮಾಡಿಸಿದಳು.

ಈಗ ಅವನ ಆಟಿಕೆಗಳು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಜಯಕುಮಾರನ ಹಕ್ಕಿ-ಮೀನಿನ ಅಂಗಡಿಯಲ್ಲಿ ನೇತಾಡುತ್ತವೆ. ಪ್ರತಿಯೊಂದರ ಜೊತೆಗೂ ಅವನೇ ಕೈಯಾರೆ ಬರೆದು ಜೆರಾಕ್ಸ್ ಮಾಡಿಸಿದ ಒಂದು ಚೀಟಿ. ಮೊದಲ ದಿನ ಆಟಿಕೆಯನ್ನು ಪಂಜರದ ಹೊರಗೆ ಕಟ್ಟಿ, ಹಕ್ಕಿಯ ಹೆದರಿಕೆ ಹೋಗಲಿ. ಎರಡನೇ ದಿನ ಒಳಗೆ ಕಟ್ಟಿ, ಕಾಳು ಅರ್ಧ ಕಾಣುವಂತಿರಲಿ. ಮೂರನೇ ದಿನದಿಂದ ಬಟ್ಟಲಿಗೆ ಕಾಳು ಹಾಕಬೇಡಿ, ಹಸಿವಾದರೆ ತಾನೇ ಹುಡುಕಿಕೊಳ್ಳುತ್ತದೆ, ಹಾಕಿದರೆ ಕಲಿತದ್ದು ಮರೆಯುತ್ತದೆ. ಕೆಳಗೆ ‘ಶಿವರಾಮ, ಜನ್ನಾಪುರ, ಭದ್ರಾವತಿ’. ಫೋನ್ ನಂಬರ್ ಇಲ್ಲ, ಯಾಕೆಂದರೆ ಫೋನು ಮಾಡಿ ಹರಟುವವರನ್ನು ಕಂಡರೆ ಅವನಿಗಾಗದು. ಆ ಮೂರನೇ ಮಾತು ಸ್ವಲ್ಪ ಬಿಗಿಯಾಯಿತು ಎಂದು ಜಯಕುಮಾರ ಒಮ್ಮೆ ಹೇಳಿ ನೋಡಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಕೇಳುತ್ತಾನೆಯೇ?

ಈ ವರ್ಷ ಗಣಪತಿ ಹಬ್ಬ ಕಳೆದ ವಾರ ಜಯಕುಮಾರ ಆರು ಸುರುಳಿ ಬೇಕೆಂದ. ಬೇಸಿಗೆಯಲ್ಲಿ ಕೂಡಿಟ್ಟ ಹಾಳೆ ಮುಗಿದಿತ್ತು. ಭಾನುವಾರ ಶಿವರಾಮ ಊರಾಚೆ ಇರುವ ಪುಟ್ಟಯ್ಯನ ಕೊಟ್ಟಿಗೆಗೆ ಹೋದ. ಪುಟ್ಟಯ್ಯ ಹಾಲು ಮಾರುವವನು, ಪಕ್ಕದವರ ತೋಟದ ಕೆಲಸಕ್ಕೂ ಹೋಗುವವನು. ಆ ದಿನ ಅವನಿರಲಿಲ್ಲ. ಕೊಟ್ಟಿಗೆಯ ಹಿಂದೆ ಹಾಳೆಯ ರಾಶಿ ಬಿದ್ದಿತ್ತು. ಹೇಗೂ ಒಲೆಗೆ ಹಾಕೋದೇ ಅಲ್ವಾ, ತಗೊಂಡು ಹೋಗಿ ಎಂದಳು ಅವನ ಸೊಸೆ. ಶಿವರಾಮ ಒಳ್ಳೆಯವನ್ನೇ ಆರಿಸಿದ. ಕೆಲವು ಹಾಳೆಗಳ ಮೇಲೆ ತೆಳ್ಳಗೆ ನೀಲಿ ಛಾಯೆ ಇತ್ತು, ಬೂದಿ ಸವರಿದ ಹಾಗೆ. ಅದು ಅವನ ಕಣ್ಣಿಗೆ ಅಂದವಾಗಿ ಕಂಡಿತು. ಒದ್ದೆ ಬಟ್ಟೆಯಲ್ಲಿ ಒರೆಸಿದ, ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡು ನೀಲಿ ಮುಖ ಹೊರಗೆ ಬರುವಂತೆ ಕಡ್ಡಿಗೆ ಸುರುಳಿ ಸುತ್ತಿ ಸಣ್ಣ ಮೊಳೆ ಹೊಡೆದ.

ಹೊಸದೇನು ಮಾಡಿದರೂ ಮೊದಲು ಎರಡು ದಿನ ತನ್ನ ಹಕ್ಕಿಗಳ ಪಂಜರದಲ್ಲಿ ಕಟ್ಟಿ ನೋಡುವುದು ಅವನ ರೂಢಿ. ಆದರೆ ಆ ವಾರ ಜೋಡಿ ಮಡಕೆಯಲ್ಲಿ ಮೊಟ್ಟೆಯಿಟ್ಟು ಕಾವು ಕೂತಿತ್ತು. ಅವುಗಳನ್ನು ಕೆಣಕಬಾರದೆಂದು ಈ ಬಾರಿ ಬಿಟ್ಟ. ಶುಕ್ರವಾರ ಆರನ್ನೂ ಜಯಕುಮಾರನಿಗೆ ಕೊಟ್ಟು ಬಂದ.

ಮುಂದಿನ ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಪುಟ್ಟಯ್ಯ ಹಾಲು ಹಾಕಲು ಬಂದ. ಯಲ್ಲಮ್ಮ ಪಾತ್ರೆ ತರಲು ಒಳಗೆ ಹೋದಾಗ ಅವನ ಕಣ್ಣು ಜಗುಲಿಯ ಮೂಲೆಗೆ ಹೋಯಿತು. ಉಳಿದ ಎರಡು ಹಾಳೆ ಅಲ್ಲಿ ಗೋಡೆಗೆ ಒರಗಿದ್ದವು.

‘ಇವಿನ್ನೂ ಉರಿಸಿಲ್ವಾ ಶಿವರಾಮಣ್ಣ? ಔಷಧಿ ಹೊಡೆದ ತೋಟದ್ದು ಇವು. ಬೀದಿ ದನ ಬಾಯಿ ಹಾಕಿದ್ರೆ ಕಷ್ಟ’ ಎಂದ.

ಯಾವ ಔಷಧಿ ಎಂದು ಶಿವರಾಮ ಕೇಳಿದ. ಮೈಲುತುತ್ತ, ಆ ನೀಲಿ ಹರಳು, ಸುಣ್ಣದ ಜೊತೆ ಕಲಸಿ ಹೊಡೆಯೋದು, ಕೊಳೆರೋಗಕ್ಕೆ, ಮಳೆಗಾಲದಲ್ಲಿ ಎಲ್ಲರೂ ಹೊಡೆಯುತ್ತಾರೆ ಎಂದು ಪುಟ್ಟಯ್ಯ ಹಾಲಿನ ಕ್ಯಾನು ಓರೆ ಮಾಡುತ್ತಲೇ ಹೇಳಿದ. ಬೇಸಿಗೆಯ ಹಾಳೆಯಾದರೆ ದನ ಬಾಯಿ ಚಪ್ಪರಿಸಿ ತಿನ್ನುತ್ತದೆ, ಮಳೆಗಾಲದ್ದನ್ನು ಮೂಸಲೂ ಬಿಡಬಾರದು. ದೊಡ್ಡ ದನವಾದರೆ ಹೇಗೋ ತಡೆದುಕೊಳ್ಳುತ್ತದೆ, ಹೋದ ವರ್ಷ ಒಂದು ಕರು ಹೋಯಿತು. ಇಷ್ಟು ಹೇಳಿ, ಎರಡು ಲೀಟರ್ ಅಳೆದು ಹಾಕಿ, ಅವನು ಸೈಕಲ್ ಹತ್ತಿದ.

ತೋಟದ ಕಡೆ ಹುಟ್ಟಿದ ಯಾವ ಮಗುವನ್ನು ಕೇಳಿದರೂ ಇದು ಗೊತ್ತು. ಆದರೆ ಶಿವರಾಮ ಕಾರ್ಖಾನೆಯ ಸೈರನ್ ಕೇಳಿ ಬೆಳೆದವನು. ತೇಗದ ಎಳೆ ಯಾವ ಕಡೆ ಓಡುತ್ತದೆಂದು ಕಣ್ಣು ಮುಚ್ಚಿ ಹೇಳಿಯಾನು, ಅಡಿಕೆ ಮರಕ್ಕೆ ಯಾವ ತಿಂಗಳಲ್ಲಿ ಏನು ಹೊಡೆಯುತ್ತಾರೆಂದು ಅವನಿಗೆ ಯಾರು ಹೇಳಬೇಕು? ಕರುವೇ ತಡೆಯದ್ದನ್ನು ಮೂವತ್ತು ಗ್ರಾಂ ತೂಗುವ ಹಕ್ಕಿ ತಡೆಯುತ್ತದೆಯೇ? ಅದೂ ಇಡೀ ದಿನ ಆ ಹಾಳೆಯನ್ನು ಸಿಗಿಯುವುದೇ ಅದರ ಕೆಲಸ. ಕೆಲಸ ಕೊಟ್ಟವನು ತಾನೇ.

ಜಯಕುಮಾರನಿಗೆ ಫೋನ್ ಹಚ್ಚಿದ. ಐದು ಸುರುಳಿ ಇನ್ನೂ ನೇತಾಡುತ್ತಿವೆ ಎಂದ ಜಯಕುಮಾರ. ಒಂದು ಶುಕ್ರವಾರ ಸಂಜೆಯೇ ಹೋಯಿತು. ಸವಳಂಗ ರಸ್ತೆಯಲ್ಲಿ ಟೈಲರಿಂಗ್ ಮಾಡುವ ತುಂಗಮ್ಮ ಎನ್ನುವವರು ಒಯ್ದರು. ಫೋನ್ ನಂಬರ್ ಇಲ್ಲ, ಆದರೆ ಮನೆ ಗೊತ್ತು, ಅಂಗಡಿಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ಯಾಕೆ, ಏನಾಯಿತು?

ಏನಾಯಿತು ಎಂದು ಹೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಜಯಕುಮಾರ ಒಳ್ಳೆಯ ಆಳು, ಶಟರ್ ಎಳೆದು ಸ್ಕೂಟರ್ ಹತ್ತುತ್ತಿದ್ದ, ಎಂಟೂವರೆಗೆಲ್ಲ ಆ ಸುರುಳಿ ಪಂಜರದಿಂದ ಹೊರಗೆ ಬಂದಿರುತ್ತಿತ್ತು. ಆದರೆ ಮೂವತ್ತೊಂದು ವರ್ಷದ ಜಂಬ ಗಂಟಲಲ್ಲಿ ಅಡ್ಡ ಕೂತಿತ್ತು. ವಿಷ ಎಂಬ ಮಾತು ಬಾಯಿಗೆ ಬಂದು ಬಾಯಲ್ಲೇ ನಿಂತಿತು.

‘ಏನಿಲ್ಲ ಮಾರಾಯ, ಮೊಳೆ ಒಂದು ಸಡಿಲ ಇದೆ ಅಂತ ಅನುಮಾನ. ಐದನ್ನೂ ತೆಗೆದಿಡು. ಆ ಮನೇದು ನಾನೇ ಬಂದು ಇಸ್ಕೊಳ್ತೀನಿ’ ಎಂದ.

ನಿಮ್ಮ ಮೊಳೆ ಸಡಿಲವಾದರೆ ಪ್ರಳಯವೇ ಆಗಬೇಕು ಎಂದು ಜಯಕುಮಾರ ನಕ್ಕ. ಮೊಳೆ ತಾನೇ, ನಿಧಾನಕ್ಕೆ ಬನ್ನಿ, ಬಿಸಿಲು ಬೇರೆ ಇದೆ ಎಂದು ಮನೆಯ ಗುರುತು ಹೇಳಿ ಫೋನಿಟ್ಟ.

ಯಲ್ಲಮ್ಮ ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಪುಟ್ಟಯ್ಯನ ಮಾತೂ ಕೇಳಿತ್ತು, ಇವನ ಮಾತೂ ಕೇಳಿತ್ತು. ‘ಮೊಳೆ ಅಂದ್ರಲ್ರೀ. ನಿಜ ಹೇಳೋಕೆ ಏನು ಧಾಡಿ ನಿಮ್ಗೆ?’ ಎಂದಳು. ಹೋಗಿ ತಂದರೆ ಮುಗಿಯಿತು, ಯಾರಿಗೆ ಯಾಕೆ ಹೇಳಬೇಕು ಎಂದು ಅವಳ ಮೇಲೆಯೇ ರೇಗಿ ಅವನು ಚಪ್ಪಲಿ ಮೆಟ್ಟಿದ.

ಬಸ್ಸು ಸಿಕ್ಕಿತು, ಆದರೆ ಹೊರಡಲಿಲ್ಲ. ಸೀಟು ತುಂಬುವವರೆಗೂ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಶಿವಮೊಗ್ಗ ಶಿವಮೊಗ್ಗ ಎಂದು ಕೂಗುತ್ತಲೇ ಇದ್ದ. ಇಪ್ಪತ್ತು ನಿಮಿಷ ಅಲ್ಲೇ ಹೋಯಿತು. ಶಿವರಾಮ ಶುಕ್ರವಾರದಿಂದ ಬೆರಳು ಮಡಚಿ ಎಣಿಸಿದ. ಶನಿವಾರ ಪಂಜರದ ಹೊರಗೆ. ಭಾನುವಾರ ಒಳಗೆ, ಕಾಳು ಅರ್ಧ ಕಾಣುವಂತೆ. ಸೋಮವಾರದಿಂದ ಬಟ್ಟಲು ಖಾಲಿ. ಅಂದರೆ ಸೋಮವಾರ, ಮಂಗಳವಾರ, ಈವತ್ತು. ಆ ಹೆಂಗಸು ಚೀಟಿ ಓದದೆ ಎಸೆದಿರಲಪ್ಪ ದೇವರೇ ಎಂದು ಬೇಡಿಕೊಂಡ. ತನ್ನ ಚೀಟಿಯನ್ನು ಯಾರಾದರೂ ಎಸೆದರೆ ಉರಿದುಬೀಳುತ್ತಿದ್ದ ಮನುಷ್ಯ.

ನಿದಿಗೆಯ ಹತ್ತಿರ ರಸ್ತೆ ಅಗೆದಿದ್ದರು, ಬಸ್ಸು ಮತ್ತೆ ನಿಂತಿತು. ಸೋಗಾನೆಯ ಕಡೆ ಇಳಿಯುವ ವಿಮಾನವನ್ನು ಪಕ್ಕದ ಸೀಟಿನವನು ಕಿಟಕಿಯಿಂದ ತೋರಿಸಿ, ಬೆಂಗಳೂರಿಂದ ಒಂದು ಗಂಟೆಯೊಳಗೆ ಬರುತ್ತದಂತೆ, ನಾವು ಭದ್ರಾವತಿಯಿಂದ ಬರಲು ಒಂದು ಗಂಟೆ ಎಂದು ಹಾಸ್ಯ ಮಾಡಿದ. ಶಿವರಾಮನಿಗೆ ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು. ಜೇಬಿನಲ್ಲಿದ್ದ ಫೋನನ್ನು ಎರಡು ಸಲ ಹೊರಗೆ ತೆಗೆದ. ಈಗಲಾದರೂ ಜಯಕುಮಾರನಿಗೆ ನಿಜ ಹೇಳಬಹುದಿತ್ತು. ಆದರೆ ಈಗ ಹೇಳಿದರೆ ಆಗ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಎರಡು ಸಲವೂ ಒಳಗಿಟ್ಟ.

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದು ಸವಳಂಗ ರಸ್ತೆಯಲ್ಲಿ ಜಯಕುಮಾರ ಹೇಳಿದ ಬೇಕರಿಯ ಪಕ್ಕದ ಸಂದಿ ಹುಡುಕುವ ಹೊತ್ತಿಗೆ ಹತ್ತು ಗಂಟೆ. ಹೊರಗಿನ ಮೆಟ್ಟಿಲು ಹತ್ತಿದರೆ ಮಹಡಿಯ ಮೇಲೆ ‘ತುಂಗಾ ಲೇಡೀಸ್ ಟೈಲರ್’ ಎಂಬ ಬೋರ್ಡು. ಒಳಗೆ ಹೊಲಿಗೆ ಯಂತ್ರದ ಸದ್ದು.

ತುಂಗಮ್ಮನಿಗೆ ಐವತ್ತೈದರ ಆಸುಪಾಸು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಗಂಡ ಬಸ್ ಡ್ರೈವರ್, ಎರಡು ದಿನಕ್ಕೊಮ್ಮೆ ಮನೆಗೆ ಬರುವವನು. ಅವಳಿಗೆ ಇಡೀ ದಿನ ಜೊತೆ ಎಂದರೆ ಯಂತ್ರದ ಪಕ್ಕದಲ್ಲಿ ನೇತುಹಾಕಿದ ಪಂಜರ, ಅದರೊಳಗೆ ಹಸಿರು ಗುಂಡ. ಗುಂಡ ಎಂದರೆ ಆ ಹಕ್ಕಿಯ ಹೆಸರು. ಬಂದವನು ಯಾರೆಂದು ತಿಳಿದದ್ದೇ ಸೂಜಿ ಬಾಯಿಂದ ತೆಗೆದು ಎದ್ದು ನಿಂತಳು. ಭದ್ರಾವತಿಯ ಶಿವರಾಮಣ್ಣ ಎಂದರೆ ನೀವೇನಾ ಎಂದು ಕುರ್ಚಿಯ ಮೇಲಿನ ಬ್ಲೌಸ್ ಪೀಸುಗಳನ್ನು ಸರಿಸಿದಳು. ಗೋಡೆಯ ಕಡೆ ಕೈ ತೋರಿಸಿದಳು. ಚೀಟಿಯನ್ನು ಅಲ್ಲಿ ಸೆಲೋಟೇಪ್ ಹಾಕಿ ಅಂಟಿಸಿದ್ದಳು.

ಶಿವರಾಮ ಪಂಜರ ನೋಡಿದ. ಸುರುಳಿಯಲ್ಲಿ ಹಾಳೆ ಎಂಬುದೇ ಉಳಿದಿರಲಿಲ್ಲ, ನಡುವಿನ ಕಡ್ಡಿಗೆ ನಾಲ್ಕು ಎಳೆ ಜೋತಾಡುತ್ತಿದ್ದವು. ಗುಂಡ ಕೋಲಿನ ಮೇಲಿರಲಿಲ್ಲ. ಪಂಜರದ ತಳದಲ್ಲಿ ಗರಿ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಮೂಲೆಗೆ ಒರಗಿತ್ತು. ಕೆಳಗೆ ಹಾಸಿದ ಕಾಗದದ ಮೇಲೆ ಕಡು ಹಸಿರು ನೀರು.

ಬಂದ ಕಾರಣವನ್ನು ತುಂಗಮ್ಮ ಕೇಳಿದಳು. ದಾರಿಯುದ್ದಕ್ಕೂ ಉರುಹೊಡೆದ ಮಾತು ತಾನಾಗಿ ಹೊರಬಿತ್ತು: ಮೊಳೆಯೊಂದು ಸಡಿಲ ಇರಬಹುದು, ಸುರುಳಿ ವಾಪಸ್ ಕೊಟ್ಟರೆ ಸರಿ ಮಾಡಿ ಕಳಿಸುತ್ತೇನೆ. ಒಂದು ಮೊಳೆಗಾಗಿ ಭದ್ರಾವತಿಯಿಂದ ಬಂದಿರಾ, ಈ ಕಾಲದಲ್ಲಿ ಇಂಥವರೂ ಇದ್ದಾರಾ ಎಂದು ಅವಳಿಗೆ ಆಶ್ಚರ್ಯ, ಸಂತೋಷ. ಸುರುಳಿಯನ್ನು ಬಿಚ್ಚಿ ಅವನ ಕೈಗಿತ್ತು, ಕೂತ್ಕೊಳ್ಳಿ, ಕಾಫಿ ಕುಡಿಯದೆ ಹೋಗಬಾರದು ಎಂದು ಒಳಗೆ ಹೋದಳು.

ಬೇಡ ಎನ್ನಲು ಬಾಯಿ ತೆರೆದ. ಆದರೆ ಮೊಳೆಯ ಕೆಲಸಕ್ಕೆ ಬಂದವನಿಗೆ ಅಷ್ಟು ಅವಸರ ಯಾಕಿರಬೇಕು? ಹೇಳಿದ ಸುಳ್ಳಿಗೆ ತಕ್ಕ ಹಾಗೆ ಕೂರಬೇಕಾಯಿತು. ಕೂತ. ಯಂತ್ರದಾಚೆ ಗುಂಡ ಒಮ್ಮೆ ಬಾಯಿ ತೆರೆದು ಮುಚ್ಚಿತು. ಒಳಗೆ ಹಾಲು ಕಾಯುವ ಸದ್ದು ಕೇಳುತ್ತಿತ್ತು. ಹಾಲು ಕಾಯಲು ಎಷ್ಟು ಹೊತ್ತು ಬೇಕು ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಲೋಟ ಬಂತು, ಹೊಗೆಯಾಡುತ್ತಿತ್ತು. ತುಂಗಮ್ಮ ಎದುರು ಕೂತು ಗುಂಡನ ಪುರಾಣ ಬಿಚ್ಚಿದಳು. ಚೀಟಿಯಲ್ಲಿದ್ದಂತೆ ಒಂದು ದಿನ ಹೊರಗೆ, ಒಂದು ದಿನ ಒಳಗೆ, ಮೂರನೇ ದಿನದಿಂದ ಬಟ್ಟಲು ತೆಗೆದಿಟ್ಟೆ. ಮೊದಲು ಕೂಗಿ ಕೂಗಿ ರಂಪ ಮಾಡಿದ, ನಾನು ಕರಗಲಿಲ್ಲ. ಆಮೇಲೆ ನೋಡಬೇಕು ಅವನ ದುಡಿಮೆ, ಹಾಳೆಯನ್ನು ಪುಡಿ ಪುಡಿ ಮಾಡಿಬಿಟ್ಟ. ನಿನ್ನೆ ಸಂಜೆಯಿಂದ ಸ್ವಲ್ಪ ಮಂಕು, ದುಡಿದು ಸುಸ್ತಾಗಿರಬೇಕು.

‘ಸುಸ್ತು ಅಷ್ಟೇ ಅಲ್ವಾ ಅಣ್ಣ?’ ಎಂದು ಅವಳು ಕೇಳಿದಳು.

ಅವನು ಕಾಫಿ ಊದಿದ. ಹೂಂ ಎಂದನೋ, ಊದಿದ ಸದ್ದೇ ಹೂಂ ಎಂದು ಕೇಳಿಸಿತೋ. ಬಿಸಿ ತುಪ್ಪ ಬಾಯಿಗೆ ಬಿದ್ದವನ ಪಾಡು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಒಂದೊಂದು ಗುಟುಕಿಗೂ ಈಗ ಹೇಳಬೇಕು ಎಂದುಕೊಂಡ. ಗುಟುಕು ಇಳಿಯಿತು, ಮಾತು ಏಳಲಿಲ್ಲ. ನಾಚಿಕೆಗೆಟ್ಟವನೇ, ಹೇಳೋ ಎಂದು ನಾವಾದರೆ ಗದರಬಹುದು. ಆ ಕುರ್ಚಿಯಲ್ಲಿ ಕೂತವನಿಗೆ ಗೋಡೆಯ ಮೇಲೆ ತನ್ನ ಹೆಸರು ಕಾಣುತ್ತಿತ್ತು. ಲೋಟ ಖಾಲಿಯಾಯಿತು. ಬರ್ತೀನಮ್ಮ ಎಂದು ಎದ್ದು, ಸುರುಳಿಯನ್ನು ಚೀಲಕ್ಕೆ ಹಾಕಿ ಮೆಟ್ಟಿಲು ಇಳಿದ.

ಕೆಲಸ ಮುಗಿದಿತ್ತಲ್ಲ. ಆರೂ ಸುರುಳಿ ಕೈಸೇರಿದಂತೆಯೇ. ಹಕ್ಕಿ ಉಳಿದರೆ ಉಳಿಯಿತು, ಹೋದರೆ ಲವ್ ಬರ್ಡ್ಸ್ ಹೋಗುವುದು ಹೊಸದಲ್ಲ, ಗಾಳಿ ತಾಗಿತು ಎನ್ನುತ್ತಾರೆ. ಯಾರೂ ಅವನ ಹೆಸರು ಎತ್ತುವುದಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ನಿಂತು ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುವಾಗ ಮೇಲಿನಿಂದ ತುಂಗಮ್ಮನ ದನಿ ಕೇಳಿತು. ಹಕ್ಕಿಯ ಜೊತೆ ಮಾತಾಡುತ್ತಿದ್ದಳು.

‘ನೋಡೋ ಗುಂಡ, ನಿನ್ನ ಆಟಿಕೆ ರಿಪೇರಿಗೆ ಹೋಯ್ತು. ಬರೋ ತನಕ ತಡ್ಕೋಬೇಕು ಕಣೋ. ಬಟ್ಟಲಿಗೆ ಹಾಕಿದ್ರೆ ನೀನು ಕಲಿತಿದ್ದೆಲ್ಲ ಮರೀತೀಯಂತೆ.’

ವಿಷ ತಿಂದ ಹಕ್ಕಿಯನ್ನು ಅವಳು ಇನ್ನು ಉಪವಾಸ ಬೇರೆ ಕೆಡವುತ್ತಾಳೆ. ಹಟದಿಂದಲ್ಲ, ಇವನ ಮಾತಿನ ಮೇಲಿನ ನಂಬಿಕೆಯಿಂದ. ಶಿವರಾಮ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಬಾಗಿಲಲ್ಲೇ ನಿಂತ, ಏದುಸಿರು.

‘ಅಮ್ಮ, ಮೊಳೆ ಅಲ್ಲ. ಸುಳ್ಳು ಹೇಳಿದೆ. ಆ ಹಾಳೆಗೆ ಮೈಲುತುತ್ತ ಹೊಡೆದಿದ್ರು, ನಂಗೆ ಗೊತ್ತಿರ್ಲಿಲ್ಲ. ಹಕ್ಕಿ ವಿಷ ತಿಂದಿದೆ. ಆಸ್ಪತ್ರೆಗೆ ಹೋಗ್ಬೇಕು, ಈಗ್ಲೇ.’

ತುಂಗಮ್ಮ ಅವನನ್ನು ಒಂದು ಕ್ಷಣ ನೋಡಿದಳು. ದಾರದ ರೀಲುಗಳಿದ್ದ ಡಬ್ಬಿಯನ್ನು ನೆಲದ ಮೇಲೆ ಸುರಿದು ಖಾಲಿ ಮಾಡಿದಳು, ಒಳಗೆ ಮೆತ್ತನೆ ಬಟ್ಟೆ ಹಾಸಿದಳು, ಗುಂಡನನ್ನು ಎತ್ತಿ ಇಟ್ಟಳು. ಅದು ಕಚ್ಚಲೂ ಇಲ್ಲ. ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು ಕೆಳಗಿಳಿದಳು. ಶಿವರಾಮ ಚಿಲಕ ಹಾಕಿಕೊಂಡು ಹಿಂದೆ ಓಡಿದ.

ಪಶು ಆಸ್ಪತ್ರೆ ಅಲ್ಲಿಂದ ದೂರವಿರಲಿಲ್ಲ. ಆಟೋ ಹತ್ತಿದರು. ಅವಳು ಡಬ್ಬಿಯ ಮುಚ್ಚಳವನ್ನು ಬೆರಳಷ್ಟು ತೆರೆದು, ಅದರ ಮೇಲೆ ಸೆರಗು ಅಡ್ಡ ಹಿಡಿದಿದ್ದಳು. ಆಸ್ಪತ್ರೆಯ ವರಾಂಡದಲ್ಲಿ ಎರಡು ನಾಯಿ, ಒಂದು ಮೇಕೆ, ಕಾಲು ಮುರಿದ ಒಂದು ಕರು ಸರದಿಯಲ್ಲಿದ್ದವು. ಹಕ್ಕಿಗೆ ವಿಷವೇರಿದೆ ಎಂದು ಶಿವರಾಮ ಎಲ್ಲರಿಗೂ ಕೇಳುವಂತೆ ಹೇಳಿ ದಾರಿ ಬಿಡಿಸಿಕೊಂಡ. ಮೇಕೆಯವನು ಗೊಣಗುತ್ತಲೇ ಸರಿದ.

ಡಾಕ್ಟರ್ ಇಂಪನಾ ಚಿಕ್ಕ ವಯಸ್ಸಿನವಳು, ಆದರೆ ಕೈ ಗಟ್ಟಿ. ಗುಂಡನನ್ನು ಅಂಗೈಯಲ್ಲಿ ಮಲಗಿಸಿ ಕೊಕ್ಕು ಬಿಡಿಸಿ ನೋಡಿದಳು, ಎದೆಯ ಎಲುಬು ಸವರಿದಳು. ತೂಕ ಇಪ್ಪತ್ತೊಂದೇ ಗ್ರಾಂ ಬಂತು. ಏನು ತಿಂದಿದೆ ಎಂದು ಕೇಳಿದಾಗ ಶಿವರಾಮ ಚೀಲದಿಂದ ಸುರುಳಿ ತೆಗೆದು ಮೇಜಿನ ಮೇಲಿಟ್ಟ. ತಾನೇ ಮಾಡಿದ್ದು ಎಂದ, ಔಷಧಿಯ ಹೆಸರು ಹೇಳಿದ, ಎಷ್ಟು ದಿನದಿಂದ ಎಂದು ಹೇಳಿದ. ಅವಳು ನೀಲಿ ಹತ್ತಿದ ಒಂದು ಎಳೆಯನ್ನು ಬೆಳಕಿಗೆ ಹಿಡಿದಳು. ತಾಮ್ರ, ಎಂದಳು. ಇದು ಗೊತ್ತಾದದ್ದು ಒಳ್ಳೆಯದಾಯಿತು, ಬರೀ ಮಂಕು ಎಂದಿದ್ದರೆ ಶೀತಕ್ಕೆ ಔಷಧಿ ಕೊಟ್ಟು ಕಳಿಸುತ್ತಿದ್ದೆ ಎಂದಳು.

ಇಂಜೆಕ್ಷನ್ ಚುಚ್ಚಿದಳು, ಕೊಕ್ಕಿನೊಳಗೆ ಹನಿ ಹನಿಯಾಗಿ ಏನೋ ಬಿಟ್ಟಳು, ಬಲ್ಬಿನ ಕಾವಿನಡಿ ಡಬ್ಬಿ ಇಡಿಸಿದಳು. ಸಂಜೆಯವರೆಗೆ ಇಲ್ಲೇ ಇರಲಿ, ಆಮೇಲೆ ನೋಡೋಣ, ಮಾತು ಕೊಡಲಾರೆ ಎಂದಳು. ಚೀಟಿ ಬರೆಯುತ್ತಾ ತಲೆ ಎತ್ತದೆಯೇ ಕೇಳಿದಳು:

‘ವಿಷ ಅಂತ ನಿಮಗೆ ಯಾವಾಗ ಗೊತ್ತಾಯ್ತು?’

‘ಬೆಳಿಗ್ಗೆ ಎಂಟು ಗಂಟೆಗೆ’ ಎಂದ ಶಿವರಾಮ.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹತ್ತು. ಡಾಕ್ಟರ್ ಅದನ್ನೂ ಬರೆದುಕೊಂಡಳು. ತುಂಗಮ್ಮ ಗಡಿಯಾರ ನೋಡಿದಳು, ಅವನನ್ನು ನೋಡಲಿಲ್ಲ.

ಶಿವರಾಮ ಹೊರಗೆ ಬಂದು ಜಯಕುಮಾರನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಐದು ಸುರುಳಿಗಳನ್ನೂ ಸುಡಬೇಕು, ಮುಟ್ಟಿದ ಕೈ ತೊಳೆಯಬೇಕು. ಬೆಳಿಗ್ಗೆಯೇ ಹೇಳಿದ್ದರೆ ನಾನು ಆಗಲೇ ಹೋಗಿ ಬಂದಿರುತ್ತಿದ್ದೆನಲ್ಲ ಶಿವರಾಮಣ್ಣ ಎಂದ ಜಯಕುಮಾರ. ಸಂಜೆಯವರೆಗೂ ಶಿವರಾಮ ವರಾಂಡದ ಕಟ್ಟೆಯ ಮೇಲೆ ಕೂತಿದ್ದ. ತುಂಗಮ್ಮ ಒಳಗೆ, ಬಲ್ಬಿನ ಪಕ್ಕದಲ್ಲಿ. ಐದು ಗಂಟೆಗೆ ಗುಂಡ ಎರಡು ಕಾಳು ನುಂಗಿತು ಎಂದು ಆಯಾ ಬಂದು ಹೇಳಿದಳು. ಅವನು ಗೋಡೆಯ ಕಡೆ ತಿರುಗಿ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ.

ಗುಂಡ ಉಳಿಯಿತು. ನಾಲ್ಕನೇ ದಿನ ಆಸ್ಪತ್ರೆಯ ಔಷಧಿ ನಿಂತಿತು ಎಂಬ ಸುದ್ದಿ ಜಯಕುಮಾರನಿಂದ ಸಿಕ್ಕಿ, ಶಿವರಾಮ ಮತ್ತೆ ಬಸ್ಸು ಹತ್ತಿದ. ಹೇಳಬೇಕಾದ್ದನ್ನೆಲ್ಲ ಅಣಿ ಮಾಡಿಕೊಂಡಿದ್ದ. ಮನೆಯಲ್ಲಿದ್ದ ಹಾಳೆಯನ್ನೆಲ್ಲ ಸುಟ್ಟೆ, ಬೇಸಿಗೆಯದ್ದನ್ನು ಬಿಟ್ಟು ಇನ್ನು ಬೇರೆಯದನ್ನು ಮುಟ್ಟುವುದಿಲ್ಲ, ಚೀಟಿಯ ಮೂರನೇ ಮಾತು ಹೊಡೆದು ಹಾಕಿದ್ದೇನೆ, ಫೋನ್ ನಂಬರ್ ಬರೆದಿದ್ದೇನೆ. ದಾರಿಯುದ್ದಕ್ಕೂ ಇದನ್ನೇ ಬಾಯಿಪಾಠ ಮಾಡಿದ.

ತುಂಗಮ್ಮ ಬಾಗಿಲು ತೆರೆದು, ಬನ್ನಿ ಎಂದಳು. ಗುಂಡ ಕೋಲಿನ ಮೇಲಿತ್ತು, ಬಡಕಲಾಗಿತ್ತು, ಬಟ್ಟಲಿಗೆ ಬಗ್ಗಿ ಕಾಳು ಒಡೆಯುತ್ತಿತ್ತು. ಶಿವರಾಮ ನಿಂತಲ್ಲೇ ತನ್ನ ಪಾಠ ಒಪ್ಪಿಸಿದ. ಅವಳು ಅರ್ಧ ಹೊಲಿದ ತೋಳೊಂದನ್ನು ಕೈಯಲ್ಲಿ ಹಿಡಿದೇ ಪೂರ್ತಿ ಕೇಳಿಸಿಕೊಂಡಳು.

‘ಹಾಳೆ ವಿಷಯ ಬಿಡಿ ಅಣ್ಣ’ ಎಂದಳು. ‘ಗೊತ್ತಿಲ್ದೆ ಆಗಿದ್ದು. ನನ್ನ ಕೈಯಲ್ಲೂ ಎಷ್ಟೋ ಜನರ ಬಟ್ಟೆ ಕೆಟ್ಟಿದೆ. ಅದಕ್ಕೆ ನಂಗೆ ಸಿಟ್ಟಿಲ್ಲ.’

ಶಿವರಾಮನ ಉಸಿರು ಸಡಿಲವಾಯಿತು. ನಿಮ್ಮ ದೊಡ್ಡ ಮನಸ್ಸು ಎನ್ನಲು ಹೊರಟ. ಅವಳ ಮಾತು ಮುಗಿದಿರಲಿಲ್ಲ.

‘ಕಾಫಿ ಕೊಟ್ಟೆನಲ್ಲ ಆವತ್ತು. ಇವನು ಅಲ್ಲಿ ಬಾಯಿ ಬಿಡ್ತಾ ಬಿದ್ದಿದ್ದ. ಸುಸ್ತು ಅಷ್ಟೇ ಅಲ್ವಾ ಅಂತ ಕೇಳ್ದೆ ನಿಮ್ಮನ್ನ. ನೀವು ಇವನನ್ನ ನೋಡ್ಕೊಂಡೇ ಪೂರ್ತಿ ಲೋಟ ಕುಡಿದ್ರಿ. ಎಲ್ಲಾ ಮರೀಬೋದು ಅಂದ್ಕೊಂಡೆ. ಅದೊಂದು ಆಗ್ತಾ ಇಲ್ಲ.’



‘ಹೌದಮ್ಮ, ಕುಡಿದೆ’ ಎಂದ.

ಅವಳು ತಲೆಯಾಡಿಸಿ ಯಂತ್ರದ ಮುಂದೆ ಕೂತಳು. ತೋಳನ್ನು ಸೂಜಿಯ ಕೆಳಗೆ ಸರಿಸಿ, ಹೋಗುವಾಗ ಬಾಗಿಲು ಎಳೆದುಕೊಂಡು ಹೋಗಿ, ಗುಂಡನಿಗೆ ಗಾಳಿ ತಾಗಬಾರದು ಎಂದಳು. ಶಿವರಾಮ ಬಾಗಿಲು ಎಳೆದುಕೊಂಡು ಹೊರಗೆ ಬಂದ.